ಕೆನಾಲ್ ನೀರು ಮೈಗೆ ಹತ್ತದು

14 ಜುಲೈ 1997, ಸೋಮವಾರ. ಕೆಂಭಾವಿ

ಕೆನಾಲಿಗೆ ನೀರು ಬಂತು. ಬೀದಿಯಲ್ಲಿ ಯಾರೋ ಕೂಗಿದ್ದೇ ತಡ, ನನ್ನ ಐದನೆಯ ಕ್ಲಾಸು ಖಾಲಿ. ಬೈದು ಪ್ರಯೋಜನವಿಲ್ಲವೆಂದು ನಾನೂ ಹಿಂದೆಯೇ ಹೋದೆ. ಸುಳ್ಳೇಕೆ, ನನಗೂ ನೋಡುವ ಆಸೆ. ಮೊದಲ ನೀರು ನೀರಿನ ಹಾಗೆ ಇರುವುದೇ ಇಲ್ಲ. ಕೆಂಪಗೆ ನೊರೆ ಕಟ್ಟಿಕೊಂಡು ಬೇಸಿಗೆಯ ಕಸವನ್ನೆಲ್ಲ ದೂಡಿಕೊಂಡು ಬರುತ್ತದೆ. ಜಾಲಿಮುಳ್ಳು, ಹರಿದ ಚಪ್ಪಲಿ, ಒಡೆದ ಪ್ಲಾಸ್ಟಿಕ್ ಕೊಡ, ಸತ್ತ ಓತಿಕ್ಯಾತ. ಇನ್ನೆರಡು ದಿನಕ್ಕೆ ಇದೇ ನೀರು ಟಾಕಿಗೆ ಏರಿ ನಮ್ಮ ನಳದಲ್ಲಿ ಬರುತ್ತದೆ.

ಗೇಟಿನ ಮೇಲೆ ನಮ್ಮ ಮನೆಯವರು ನಿಂತಿದ್ದರು. ಕೆನಾಲ್ ಆಫೀಸಿನಲ್ಲಿ ಗೇಟು ಎತ್ತಿಳಿಸುವ ಕೆಲಸ ಇವರದು. ಸರ್ಕಾರದ ಲೆಕ್ಕದಲ್ಲಿ ಸಣ್ಣ ನೌಕರಿ, ಊರಿನ ಲೆಕ್ಕದಲ್ಲಿ ತಹಸೀಲ್ದಾರನಿಗಿಂತ ದೊಡ್ಡದು. ಭತ್ತ ಹಾಕುವವರೆಲ್ಲ ಇನ್ನು ದೀಪಾವಳಿ ದಾಟುವವರೆಗೆ "ಅಂಬ್ರಪ್ಪ ಸಾಹೇಬ್ರ, ಅಂಬ್ರಪ್ಪ ಸಾಹೇಬ್ರ" ಎಂದು ಹಿಂದೆ ಮುಂದೆ ಓಡಾಡುತ್ತಾರೆ.

ನೋಡಿದ್ದನ್ನು ಬರೆದಿಡಿ ಎಂದು ಮಕ್ಕಳಿಗೆ ದಿನವೂ ಹೇಳುವವಳು ನಾನು. ನನ್ನದನ್ನು ನಾನೇ ಬರೆಯದಿದ್ದರೆ ಹೇಗೆ? ಅದಕ್ಕೇ ಕುಳಿತಿದ್ದೇನೆ. ಮುಟ್ಟು ನಿಂತು ಎರಡು ತಿಂಗಳು ದಾಟಿತು. ಇನ್ನೂ ಯಾರಿಗೂ ಹೇಳಿಲ್ಲ. ಹೋದ ವರ್ಷ ಒಂದು, ಅದರ ಹಿಂದಿನ ವರ್ಷ ಒಂದು ಹೊಟ್ಟೆಯಲ್ಲಿ ನಿಲ್ಲಲಿಲ್ಲ. ಎರಡೂ ಹೋದದ್ದು ಕೆನಾಲು ತುಂಬಿ ಹರಿಯುವಾಗ. ಬೇಸಿಗೆಯಲ್ಲಿ ಕೆನಾಲು ಬಂದ್ ಆಗಿ ಬೋರಿನ ನೀರು ಕುಡಿಯುವಾಗ ನನ್ನ ಮೈ ನೆಟ್ಟಗಿರುತ್ತದೆ, ಉಂಡದ್ದು ಅರಗುತ್ತದೆ, ನಿದ್ದೆ ಬರುತ್ತದೆ. ಕೆನಾಲಿನ ನೀರು ಬಂತೋ, ಹೊಟ್ಟೆಯುರಿ, ತಲೆನೋವು, ಬಾಚಿದರೆ ಹಣಿಗೆಯ ತುಂಬ ಕೂದಲು. ಊರಿನವರೂ ಅದನ್ನೇ ಹೇಳುತ್ತಾರೆ, ಕೆಲವರ ಮೈಗೆ ಕೆನಾಲ್ ನೀರು ಹತ್ತುವುದಿಲ್ಲ ಎಂದು. ಆದರೆ ಯಾಕೆ ಹತ್ತುವುದಿಲ್ಲ? ಅದರಲ್ಲಿ ಏನಿದೆ? ಅದನ್ನು ಯಾರೂ ಹೇಳುವುದಿಲ್ಲ. ಈ ಕೂಸು ಉಳಿಯಬೇಕಾದರೆ ನಾನೇ ಕಂಡುಹಿಡಿಯಬೇಕು.

17 ಜುಲೈ, ಗುರುವಾರ

ಮೊದಲ ಪ್ರಯೋಗ ಕುದಿಸಿದ ನೀರು. ಕುದಿಸಿ, ಆರಿಸಿ, ಬಿಳಿ ಬಟ್ಟೆಯಲ್ಲಿ ಸೋಸಿ ಬೇರೆ ತಂಬಿಗೆಯಲ್ಲಿ ಇಟ್ಟುಕೊಂಡೆ. ಬಟ್ಟೆಯ ಮೇಲೆ ಉಳಿದ ರಾಡಿಯನ್ನು ಶಾಲೆಯ ಭೂತಗನ್ನಡಿಯಲ್ಲಿ ನೋಡಿದೆ. ಮಣ್ಣು, ಹಸಿರು ನೂಲಿನಂಥದ್ದೇನೋ, ಒಂದು ಸಣ್ಣ ರೆಕ್ಕೆ. ಇಷ್ಟಕ್ಕೆಲ್ಲ ಮನುಷ್ಯನ ಮೈ ಕೆಡುತ್ತದೆಯೆ?

ಸ್ಟೋವ್ ಉರಿಯುವುದನ್ನು ನಿನ್ನೆ ರಾತ್ರಿ ಇವರು ನೋಡಿದರು. ಇಡೀ ದಿನ ಗೇಟಿನ ಹತ್ತಿರ ಮೇಲಿನ ಹೊಲದವರಿಗೂ ಕೆಳಗಿನ ಹೊಲದವರಿಗೂ ಜಗಳ ಬಿಡಿಸಿ ಬಂದಿದ್ದರು. ಬಾಯಿಂದ ಸಾರಾಯಿ ವಾಸನೆ ಬರುತ್ತಿತ್ತು. ಸೀಮೆಎಣ್ಣೆ ನಿಮ್ಮಪ್ಪ ತಂದು ಹಾಕುತ್ತಾನೇನು ಎಂದು ಕೇಳಿದರು. ನಮ್ಮಪ್ಪ ಸತ್ತು ಬಹಳ ದಿನವಾಯಿತಲ್ಲ ಎಂದೆ. ಕೇಳಿದ್ದಕ್ಕೆ ಉತ್ತರ ಹೇಳಿದ್ದು ಅಷ್ಟೇ. ಆದರೆ ನನ್ನ ಬಾಯಿ ಸುಮ್ಮನಿರಬೇಕಿತ್ತು. ಎಡಗೆನ್ನೆಗೆ ಬಿತ್ತು. ಅದಿರಲಿ.

ಬೆಳಿಗ್ಗೆಯಿಂದ ಎಡಗಿವಿಯಲ್ಲಿ ಜೀರುಂಡೆ ಕೂಗಿದ ಹಾಗೆ ಸದ್ದು. ನಿಲ್ಲುವುದೇ ಇಲ್ಲ. ಕೊಡ ತುಂಬುವಾಗ ಕಿವಿಗೆ ನೀರು ಸಿಡಿದಿರಬೇಕು. ಎಡಗಡೆ ಕುಳಿತ ಮಕ್ಕಳು ಹೇಳಿದ್ದು ಕೇಳಿಸದೆ ಇವತ್ತು ಎರಡು ಸಲ ಪೇಚಾಟಕ್ಕೆ ಬಂತು.

22 ಜುಲೈ, ಮಂಗಳವಾರ

ಕುದಿಸುವುದು ಬಿಟ್ಟೆ. ಈಗ ಪಟಕದ ಹರಳು. ಬಿಂದಿಗೆಯಲ್ಲಿ ಒಂದು ಸುತ್ತು ತಿರುಗಿಸಿದರೆ ರಾಡಿಯೆಲ್ಲ ತಳಕ್ಕೆ ಹೋಗಿ ಮೇಲಿನ ನೀರು ತಿಳಿಯಾಗುತ್ತದೆ. ನೋಡಲು ಬಹಳ ಚೆಂದ. ಮಕ್ಕಳಿಗೂ ಮಾಡಿ ತೋರಿಸಿದೆ, ಬಾಯಿ ತೆರೆದು ನೋಡಿದವು. ಆದರೆ ಹೊಟ್ಟೆಯುರಿ ಹಾಗೆಯೇ ಇದೆ.

ಹೊಸದೊಂದು ಕಂಡೆ. ಸಂಜೆ ಅಕ್ಕಿ ಆರಿಸುತ್ತ ಕುಳಿತಿದ್ದೆ. ಓಣಿಯ ತುದಿಯಲ್ಲಿ ಎಂ ಎಯ್ಟಿ ಗಾಡಿಯ ಸದ್ದು ಕೇಳಿತು. ಕೇಳಿದ ಕೂಡಲೇ ಎದೆ ಡಬಡಬ ಬಡಿದುಕೊಂಡು ಅಂಗೈ ಬೆವರಿತು. ಮಣಿಕಟ್ಟು ಹಿಡಿದು ನಾಡಿ ನೋಡಿಕೊಂಡೆ, ಓಡಿ ಬಂದವಳ ನಾಡಿಯ ಹಾಗೆ ಇತ್ತು. ಬಂದದ್ದು ಇವರ ಎಂ ಎಯ್ಟಿ ಅಲ್ಲವೇ ಅಲ್ಲ. ಅಕ್ಕಿ ಗಿರಣಿಯ ಸಾಹುಕಾರ ಹಾದುಹೋದ. ಅವನಿಗೂ ನನ್ನ ಎದೆಗೂ ಏನು ಸಂಬಂಧ? ನಗು ಬಂತು. ಆಮೇಲೆ ವಿಚಾರ ಮಾಡಿದೆ. ಮಧ್ಯಾಹ್ನದಿಂದ ನಾನು ನೀರನ್ನೇ ಕುಡಿದಿರಲಿಲ್ಲ. ಹಾಗಾದರೆ ಬೆಳಿಗ್ಗೆ ಕುಡಿದ ನೀರು ನರಗಳಲ್ಲಿ ಇನ್ನೂ ಉಳಿದಿರಬೇಕು. ಇದು ಸರಿಯಾದ ಉತ್ತರ ಅನ್ನಿಸುವುದಿಲ್ಲ. ಬೇರೆ ಉತ್ತರವೂ ಸಿಗಲಿಲ್ಲ.

24 ಜುಲೈ, ಗುರುವಾರ

ಬಲಗೈ ಬೆರಳು ಮಡಚಲು ಬರುವುದಿಲ್ಲ. ಎಡಗೈಯಲ್ಲಿ ಬರೆದರೆ ಅಕ್ಷರ ಒಂದನೆಯ ಕ್ಲಾಸಿನವರ ಹಾಗೆ ಬರುತ್ತವೆ. ಬಾಗಿಲಿಗೆ ಸಿಕ್ಕಿತೆಂದು ಶಾಲೆಯಲ್ಲಿ ಹೇಳಿದೆ.

27 ಜುಲೈ, ಭಾನುವಾರ

ಪಕ್ಕದ ಮನೆಯ ಖಾಸಿಂಬಿಯನ್ನು ಹಿಡಿದು ಕೂಡಿಸಿ ಪ್ರಶ್ನೆ ಕೇಳಿದೆ. ಅವಳ ಗಂಡ ಟೇಲರು. ನಮಗೂ ಅವರಿಗೂ ನಡುವೆ ಒಂದೇ ಗೋಡೆ, ಒಂದೇ ನಳ. ನಾನು ಕುಡಿಯುವ ನೀರನ್ನೇ ಅವಳೂ ಕುಡಿಯುತ್ತಾಳೆ, ಅದೂ ಸೋಸದೆ, ಕುದಿಸದೆ. ಅವಳನ್ನು ನೋಡಬೇಕು, ಕಲ್ಲು ತಿಂದರೂ ಅರಗಿಸುವ ಹೆಂಗಸು. ನಾಲ್ಕು ಹಡೆದು ನಾಲ್ಕನ್ನೂ ಉಳಿಸಿಕೊಂಡಿದ್ದಾಳೆ. ನಿದ್ದೆ ಹೇಗೆ ಬರುತ್ತದೆ ಎಂದರೆ, ಹಾಸಿಗೆಗೆ ಬಿದ್ದದ್ದೂ ನೆನಪಿರುವುದಿಲ್ಲ ಅಕ್ಕೋರ ಎಂದು ನಕ್ಕಳು. ಎದೆ ಬಡಿದುಕೊಳ್ಳುತ್ತದೆಯೆ ಎಂದೆ. ಯಾಕೆ ಬಡಿದುಕೊಳ್ಳಬೇಕು ಎಂದಳು.

ಒಂದೇ ನಳ, ಎರಡು ಮೈ. ನಾನು ಇದನ್ನೇ ಹಿಡಿದುಕೊಂಡು ಮತ್ತೆ ಮತ್ತೆ ಕೇಳುತ್ತಿದ್ದೆ. ಅವಳು ನನ್ನ ಬೆರಳು ನೋಡಿದಳು. ಆಮೇಲೆ ಅಂದಳು:

"ಅಕ್ಕೋರ, ನಡುವಿನ ಗ್ವಾಡಿ ಭಾಳ ತೆಳ್ಳಗದ್ರಿ. ಎಲ್ಲಾ ಕೇಳತದ. ನಮ್ಮ ಯಜಮಾನ್ರು ಎದ್ದು ಬರ್ತೀನಿ ಅಂತಾರ, ನಾನ ಹಿಡದು ಕೂಡಸ್ತೀನಿ. ನಮ್ಮ ಎರಡ ಎಕರೆ ಭತ್ತದ ನೀರು ನಿಮ್ಮ ಮನಿಯವ್ರ ಕೈಯಾಗ ಅದ. ನನಗ ಬೈಬ್ಯಾಡ್ರಿ."

ನೀರಿನ ವಿಷಯ ಕೇಳಿದರೆ ಗೋಡೆಯ ಮಾತೇಕೆ? ಯಾಕೆಂದು ನನಗೆ ಗೊತ್ತಿಲ್ಲ ಎಂದಲ್ಲ. ಬಿಂದಿಗೆ ಎತ್ತಿಕೊಂಡು ಎದ್ದು ಬಂದೆ. ಸಿಟ್ಟು ಬಂದಿತ್ತು. ಅವಳ ಮೇಲೋ, ಇನ್ಯಾರ ಮೇಲೋ ತಿಳಿಯಲಿಲ್ಲ.

2 ಆಗಸ್ಟ್, ಶನಿವಾರ

ರಕ್ತ ಕಾಣಿಸಿಕೊಂಡಿತು. ಸ್ವಲ್ಪವೇ. ಮೊದಲೆರಡು ಸಲವೂ ಹೀಗೆ ಸ್ವಲ್ಪದಿಂದಲೇ ಶುರುವಾಗಿತ್ತು.

ಮೊನ್ನೆ ಕೆಳಗಿನ ಹೊಲದವರು ಗೇಟಿನ ಬೀಗ ಒಡೆದರು. ಆಫೀಸಿನಲ್ಲಿ ಇವರು ಎಲ್ಲರ ಎದುರು ಬೈಸಿಕೊಳ್ಳಬೇಕಾಯಿತು. ಮನೆಗೆ ಬಂದಾಗ ನಾನು ನೀರಿನ ಬಿಂದಿಗೆಗಳ ನಡುವೆ ಕುಳಿತಿದ್ದೆ. ಇನ್ನೂ ನೀರಿನ ಆಟವೇ ಎಂದು ಹಿಡಿದು ನೂಕಿದರು. ಒರಳಿನ ಅಂಚು ಸೊಂಟಕ್ಕೆ ಬಡಿಯಿತು. ಬಿದ್ದ ಮೇಲೆ ಕಾಲಿನಿಂದ ಒಂದು. ನಂತರ ಅವರೇ ಎತ್ತಿ ಕೂಡಿಸಿ ಅತ್ತರು. ಹೋದ ವರ್ಷವೂ ಅತ್ತಿದ್ದರು.

ಹೆದರಿಕೆಯಾಗುತ್ತಿದೆ. ಮಲಗಿಕೊಂಡೇ ಬರೆಯುತ್ತಿದ್ದೇನೆ. ಈ ನೀರು ಇನ್ನು ಒಂದು ಗುಟುಕೂ ಬೇಡ. ಪಂಚಮಿ ಹತ್ತಿರ ಬಂತು. ತವರಿಗೆ ಹೋಗುತ್ತೇನೆ. ನೀರು ಬದಲಾಗಲಿ. ದೇವರೇ, ಅಲ್ಲಿಯವರೆಗೆ ಇದು ಗಟ್ಟಿಯಾಗಿ ಹಿಡಿದುಕೊಂಡಿರಲಿ.

6 ಆಗಸ್ಟ್, ಬುಧವಾರ. ದೋರನಹಳ್ಳಿ

ರಕ್ತ ನಿಂತಿದೆ. ನಾನು ತವರಿಗೆ ಬಂದು ಮುಟ್ಟಿದೆ.

ಪಂಚಮಿಗೆ ಹೆಣ್ಣುಮಗಳನ್ನು ಕರೆಯಲು ಅಣ್ಣನೋ ತಮ್ಮನೋ ಬರಬೇಕು. ನನಗೆ ಯಾರೂ ಇಲ್ಲ, ಅವ್ವನಿಗೆ ನಾನೊಬ್ಬಳೇ. ಅದಕ್ಕೆ ಅವ್ವನ ಅಣ್ಣ, ನನ್ನ ಸೋದರಮಾವ ಮರಿಲಿಂಗಪ್ಪ, ಹತ್ತಿಕುಣಿಯಿಂದ ಪ್ರತಿ ವರ್ಷ ಬರುತ್ತಾರೆ. ಇವರು ಮಾವನಿಗೆ ಕಾಲಿಗೆ ನೀರು ಕೊಟ್ಟು, ಪಕ್ಕದಲ್ಲಿ ಕೂಡಿಸಿಕೊಂಡು ಬಡಿಸಿ, ಬಸ್ಸಿನಲ್ಲಿ ಕಿಟಕಿಯ ಸೀಟು ಹಿಡಿದು ಕೊಟ್ಟರು. ಸುರಪುರದಲ್ಲಿ ಒಂದು ಬಸ್ಸು ಬದಲಿಸಿ, ಶಹಾಪುರದಲ್ಲಿ ಇನ್ನೊಂದು ಹಿಡಿದು ಬರುವವರೆಗೂ ಮಾವನದು ಅಳಿಯನ ಗುಣಗಾನವೇ. ನಾನು ಕಿಟಕಿಯಲ್ಲಿ ಕೆನಾಲು ನೋಡುತ್ತಿದ್ದೆ. ರಸ್ತೆಯ ಜೊತೆ ಅದೂ ಬರುತ್ತಿತ್ತು. ಒಮ್ಮೆ ಬಲಕ್ಕೆ ಹೋಗಿ, ಮತ್ತೆ ಎಡಕ್ಕೆ ಬಂದು, ಬಿಡದೆ ಬೆನ್ನು ಹತ್ತಿತ್ತು.

ಮನೆಗೆ ಬಂದು ಒಂದು ತಂಬಿಗೆ ನೀರು ಗಟಗಟ ಕುಡಿದ ಮೇಲೆ ನೆನಪಾಯಿತು. ಇಲ್ಲಿಯೂ ಟಾಕಿಗೆ ಏರುವುದು ಕೆನಾಲಿನ ನೀರೇ. ಅದೇ ಡ್ಯಾಮು, ಅದೇ ಕೃಷ್ಣೆ. ನನ್ನಂಥ ದಡ್ಡಿ ಉಂಟೆ? ಪಾಠ ಹೇಳುವವಳಂತೆ!

8 ಆಗಸ್ಟ್, ಶುಕ್ರವಾರ. ಪಂಚಮಿ

ಅವ್ವನಿಗೆ ಹೇಳಿದೆ, ಹೊಟ್ಟೆಯಲ್ಲಿದೆ ಎಂದು. ಕುಣಿಯುವುದೊಂದು ಬಾಕಿ. ನನ್ನವ್ವ ಭೀಮವ್ವ ನೋಡಲು ಇನ್ನೂ ಗಟ್ಟಿ ಆಳು, ಹತ್ತಿ ಬಿಡಿಸಲು ನಿಂತರೆ ಹದಿನೆಂಟರ ಹುಡುಗಿಯರನ್ನು ಹಿಂದೆ ಹಾಕುತ್ತಾಳೆ. ಎಳ್ಳಿನ ಉಂಡಿ, ಶೇಂಗಾ ಉಂಡಿ, ಅಳ್ಳಿಟ್ಟು, ಒಂದಾದ ಮೇಲೊಂದು ಕೈಗೆ ಇಟ್ಟಳು. ಎಲ್ಲವನ್ನೂ ತಿಂದೆ. ಬೇವಿನ ಗಿಡದ ಜೋಕಾಲಿ ಮಾತ್ರ ಮುಟ್ಟಬಾರದೆಂದು ಹುಕುಂ.

ನೀರು ಹತ್ತುವುದಿಲ್ಲ ಅವ್ವ, ಬೇರೆ ನೀರು ಎಲ್ಲಿಂದಾದರೂ ತರಿಸಬೇಕು ಎಂದೆ. ಅವ್ವನಿಗೆ ಸಿಟ್ಟೇ ಬಂತು. ಕೆನಾಲನ್ನು ಬೈದರೆ ಅವಳಿಗೆ ಆಗುವುದಿಲ್ಲ. ಪ್ರತಿ ವರ್ಷ ನೀರು ಬಂದ ದಿನ ಅರಿಷಿಣ ಕುಂಕುಮ ಹಾಕಿ ಕೈ ಮುಗಿದು ಬರುತ್ತಾಳೆ. ಅವಳ ಪ್ರಕಾರ ಆ ನೀರೇ ಅವಳನ್ನು ಉಳಿಸಿದ್ದು. ಮೊದಲು ಅವಳಿಗೆ ಹೊಟ್ಟೆಯುರಿ, ತಲೆಶೂಲೆ, ಎದೆ ಬಡಿತ, ಕಣ್ಣಿಗೆ ಕಣ್ಣು ಹತ್ತುತ್ತಿರಲಿಲ್ಲ. ಬಾವಿಯ ಸವಳು ನೀರಿನಿಂದ ಹಾಗೆ ಆಗಿತ್ತಂತೆ. ಕೆನಾಲು ಬಂತು, ಸಿಹಿನೀರು ಕುಡಿದಳು, ಎಲ್ಲ ಹೋಯಿತು.

ನಾನು ಉಂಡಿ ಕೆಳಗಿಟ್ಟು ಎಣಿಸಿದೆ. ಹೊಟ್ಟೆಯುರಿ, ತಲೆಶೂಲೆ, ಎದೆ ಬಡಿತ, ನಿದ್ದೆ ಇಲ್ಲದ್ದು. ನನ್ನವೇ ಎಲ್ಲ. ಒಂದೇ ನೀರು ತಾಯಿಯ ಬೇನೆ ಕಳೆದು ಮಗಳಿಗೆ ಬೇನೆ ತರುತ್ತದೆಯೆ? ಇದಕ್ಕಿಂತ ಚೋದ್ಯ ನಾನು ಕೇಳಿಲ್ಲ.

11 ಆಗಸ್ಟ್, ಸೋಮವಾರ

ರಜೆ ಮುಗಿಯಿತು. ಇನ್ನೂ ರಜೆ ಬೇಕೆಂದು ಶಾಲೆಗೆ ತಿಳಿಸಿದೆ. ಬಂದ ದಿನದಿಂದ ಇಲ್ಲಿಯ ಕೆನಾಲ್ ನೀರನ್ನೇ ಕುಡಿಯುತ್ತಿದ್ದೇನೆ, ಸೋಸುವುದನ್ನೂ ಮರೆತಿದ್ದೇನೆ. ನಿನ್ನೆ ಮಧ್ಯಾಹ್ನ ಮಲಗಿದವಳು ದೀಪ ಹಚ್ಚುವ ಹೊತ್ತಿಗೆ ಎದ್ದೆ. ಹೊಟ್ಟೆಯುರಿ ಇಲ್ಲ. ಬಾಜೂ ಮನೆಯ ಎಂ ಎಯ್ಟಿ ದಿನಕ್ಕೆ ಹತ್ತು ಸಲ ಹೋಗಿ ಬರುತ್ತದೆ. ಅದರ ಸದ್ದಿಗೆ ಮೊದಲೆರಡು ದಿನ ಎದೆ ಬಡಿದುಕೊಂಡಿತು. ಈಗ ಅದು ಬಂದದ್ದೂ ಗೊತ್ತಾಗುವುದಿಲ್ಲ.

ಅವ್ವನನ್ನು ಬಿಡದೆ ಕೇಳಿದೆ. ನಿನ್ನ ಬೇನೆ ಹೋದದ್ದು ಯಾವಾಗ? ಕೆನಾಲು ಬಂದ ವರ್ಷ. ಮಳೆಗಾಲವೋ ಬೇಸಿಗೆಯೋ? ಮಳೆಗಾಲದ ಶುರುವಿನಲ್ಲಿ, ನೀನು ಏಳನೆಯ ಕ್ಲಾಸಿಗೆ ಹೋಗುತ್ತಿದ್ದೆ. ಆ ವರ್ಷ ಮನೆಯಲ್ಲಿ ಮತ್ತೇನಾಯಿತು? ಜೋಳ ಹಸನು ಮಾಡುತ್ತಿದ್ದ ಅವ್ವ ತಲೆಯೆತ್ತದೆ, ಆಗುವುದೇನು, ನಿಮ್ಮಪ್ಪ ಹೋದ ವರ್ಷ ಅದು ಎಂದಳು.

ಹೌದು. ಅಪ್ಪ ಸಾರಾಯಿ ಕುಡಿದು ಕಾಮಾಲೆಯಾಗಿ ಸತ್ತ. ಮರುತಿಂಗಳು ನೀರು ಬಂತು. ಒಂದೇ ಹೊತ್ತಿಗೆ ಎರಡು ಬದಲಾದರೆ ಕಾರಣ ಯಾವುದೆಂದು ಹೇಳಲಾಗದು ಎಂದು ಪ್ರತಿ ವರ್ಷ ಮಕ್ಕಳಿಗೆ ಹೇಳುತ್ತೇನೆ. ಅಪ್ಪ ಹೊಡೆಯುತ್ತಿದ್ದ. ಅದು ನನಗೆ ಮರೆತಿರಲಿಲ್ಲ, ಆದರೆ ನೆನಪಿನಲ್ಲಿಯೂ ಇರಲಿಲ್ಲ. ಅವ್ವನ ಮುಖ ಬಾತಿರುತ್ತಿತ್ತು, ಹಲ್ಲುನೋವು ಎನ್ನುತ್ತಿದ್ದಳು. ನಾನು ನಂಬಿ ಲವಂಗ ತಂದು ಕೊಡುತ್ತಿದ್ದೆ.

ನನ್ನ ಮನೆಯಲ್ಲಿಯೂ ಕೆನಾಲಿಗೆ ನೀರು ಬಂದಾಗ ನೀರೊಂದೇ ಬರುವುದಿಲ್ಲ. ಗೇಟಿನ ಜಗಳ ಬರುತ್ತದೆ, ಕುಡಿತ ಬರುತ್ತದೆ.

14 ಆಗಸ್ಟ್, ಗುರುವಾರ

ಕಿವಿ ತೋರಿಸಿಕೊಳ್ಳಬೇಕೆಂದು ಅವ್ವನಿಗೆ ಹೇಳಿ ಶಹಾಪುರಕ್ಕೆ ಹೋದೆ. ಹೊಟ್ಟೆಯನ್ನೂ ತೋರಿಸಿದೆ. ಲೇಡಿ ಡಾಕ್ಟರು. ಕೂಸಿನ ಎದೆಬಡಿತ ಕೇಳಿಸುವ ಸಣ್ಣ ಯಂತ್ರವಿತ್ತು. ಬಲಗಿವಿ ತಿರುಗಿಸಿ ಕೇಳಿದೆ. ಕುದುರೆ ಓಡಿದ ಹಾಗೆ ಇತ್ತು. ಚೆನ್ನಾಗಿದೆ ಎಂದರು. ನನಗೆ ಅಳು ತಡೆಯಲಾಗಲಿಲ್ಲ.

ಎಡಗಿವಿಯ ಪೊರೆ ಹರಿದಿದೆಯಂತೆ. ನೀರು ಸಿಡಿದು ಹರಿಯುತ್ತದೆಯೆ ಎಂದು ಕೇಳಿದೆ. ಡಾಕ್ಟರು ನನ್ನನ್ನೇ ನೋಡಿದರು. ಸೊಂಟದ ಮೇಲೆ ಹಳದಿಯಾಗಿ ಉಳಿದ ಕಲೆಯನ್ನು ಆಗಲೇ ನೋಡಿದ್ದರು. ಬಾಗಿಲು ಮುಂದೆ ಮಾಡಿ ಬಂದು ಕೇಳಿದರು:

"ಯಾರು ಹೊಡದಾರ?"

ಇಷ್ಟು ದಿನದಲ್ಲಿ ನನ್ನನ್ನು ಯಾರೂ ಕೇಳದ ಪ್ರಶ್ನೆ. ನಾನೂ ಕೇಳಿಕೊಳ್ಳದ ಪ್ರಶ್ನೆ. ನನ್ನ ಗಂಡ ಎಂದೆ. ಹೇಳಿದ ಮೇಲೆ ನಾಲಿಗೆ ಬಿದ್ದುಹೋಗಲಿಲ್ಲ. ಆಮೇಲೆ ನಾನೇ ಒಂದೊಂದಾಗಿ ಕೇಳಿದೆ. ಹೊಟ್ಟೆಯುರಿ? ಕೂದಲು ಉದುರುವುದು? ಗಾಡಿಯ ಸದ್ದಿಗೆ ನಾಡಿ ಓಡುವುದು? ನಿದ್ದೆ? ಡಾಕ್ಟರು ಬೇಸರವಿಲ್ಲದೆ ಹೇಳಿದರು. ಮೇಲಿನ ಪೆಟ್ಟು ಮಾಯುತ್ತದೆ, ಆದರೆ ಮುಂದಿನ ಪೆಟ್ಟು ಯಾವಾಗ ಬೀಳುವುದೋ ಎಂದು ಮೈ ಎಚ್ಚರವಾಗಿಯೇ ಕುಳಿತಿರುತ್ತದೆ. ಹಗಲೂ ರಾತ್ರಿ ಕಾವಲು ಕಾಯುವ ಮೈಗೆ ಉಂಡದ್ದು ಹತ್ತುವುದಿಲ್ಲ, ನಿದ್ದೆ ಬರುವುದಿಲ್ಲ. ಮನಸ್ಸು ಬೇರೆ, ಮೈ ಬೇರೆ ಎಂದು ತಿಳಿಯಬೇಡ ಎಂದರು. ಹೋದ ಎರಡರ ಬಗ್ಗೆ ಕೇಳಿದೆ. ಹೊಟ್ಟೆಗೆ, ಸೊಂಟಕ್ಕೆ ಪೆಟ್ಟು ಬಿದ್ದಿತ್ತೆ ಎಂದು ತಿರುಗಿ ನನ್ನನ್ನೇ ಕೇಳಿದರು. ಬಿದ್ದಿತ್ತು.

ಅಂಬ್ರಪ್ಪ ಎತ್ತಿ ಕೂಡಿಸಿ ಅತ್ತದ್ದನ್ನು ನಾನು ಪ್ರೀತಿ ಎಂದು ತಿಳಿದಿದ್ದೆನಲ್ಲ! ಬಸ್ಸಿನಲ್ಲಿ ಬರುವಾಗ ಮೈಯೆಲ್ಲ ಉರಿಯಿತು. ಈ ಉರಿ ಬೇರೆ, ಇದಕ್ಕೆ ಕಾರಣ ಹುಡುಕಬೇಕಾಗಿಲ್ಲ.

17 ಆಗಸ್ಟ್, ಭಾನುವಾರ

ಅವ್ವನಿಗೆ ಎಲ್ಲ ಹೇಳಿದೆ. ಮೊದಲು ಅವಳು ನನಗೇ ಬೈದಳು. ಎಲ್ಲರ ಮನೆಯಲ್ಲಿಯೂ ಇರುವುದೇ, ನಿನಗೆ ಬಾಯಿ ಜಾಸ್ತಿ, ನೌಕರಿ ಮಾಡುವ ಸೊಕ್ಕು ಎಂದಳು. ನಾನೂ ಬಿಡಲಿಲ್ಲ. ಡಾಕ್ಟರು ಹೇಳಿದ್ದನ್ನು ಪಾಠ ಒಪ್ಪಿಸಿದ ಹಾಗೆ ಒಪ್ಪಿಸಿದೆ. ನಿನ್ನ ಹೊಟ್ಟೆಯುರಿ ಬಾವಿಯ ನೀರಿನದಲ್ಲ, ಕೆನಾಲ್ ನೀರು ನಿನ್ನನ್ನು ಉಳಿಸಲಿಲ್ಲ, ಅಪ್ಪ ಸತ್ತದ್ದಕ್ಕೆ ನೀನು ಉಳಿದೆ ಎಂದೆ. ಹೀಗೆ ಹೇಳಬಾರದಿತ್ತೇನೋ. ಅವ್ವ ಮೊರ ಕೆಳಗಿಟ್ಟು ಹೊರಗೆ ಹೋದಳು.

ಬಹಳ ಹೊತ್ತಿನ ಮೇಲೆ ಬಂದು ಹೊಸ್ತಿಲ ಮೇಲೆಯೇ ಕುಳಿತಳು.

"ಹಂಗಾರ ನನ್ನ ಎರಡು ಕೂಸು?" ಎಂದಳು.

ನನ್ನ ಹಿಂದೆ ಎರಡು ಹುಟ್ಟಬೇಕಿತ್ತು ಎಂದು ಕೇಳಿ ಗೊತ್ತಿತ್ತು. ತಿಂಗಳು ತುಂಬುವ ಮುಂಚೆ ಹೋದವು, ಸವಳು ನೀರಿಗೆ ಹೋದವು ಎಂದು ಅವ್ವ ಹೇಳುತ್ತಿದ್ದಳು. ಅವಳು ಸೆರಗು ಬಾಯಿಗೆ ಒತ್ತಿಕೊಂಡು ಅತ್ತಳು. ಅಪ್ಪ ಸತ್ತಾಗಲೂ ಅವ್ವ ಹಾಗೆ ಅತ್ತದ್ದನ್ನು ನಾನು ನೋಡಿರಲಿಲ್ಲ.

20 ಆಗಸ್ಟ್, ಬುಧವಾರ

ಮಾವ ಹೇಳಿ ಕಳಿಸಿದ್ದಾರೆ, ಭಾನುವಾರ ಅಳಿಯನನ್ನು ಕರೆದುಕೊಂಡು ಬರುತ್ತೇನೆ, ಮಗಳನ್ನು ತಯಾರು ಮಾಡಿರು ಎಂದು. ಹೋಗುವುದೋ ಬಿಡುವುದೋ? ಹೋದರೆ ಈ ಕೂಸು ಉಳಿಯುವುದಿಲ್ಲ. ಹೋಗದಿದ್ದರೆ ಮಾವ ಏನೆನ್ನುತ್ತಾರೆ, ಓಣಿ ಏನೆನ್ನುತ್ತದೆ, ಅವ್ವ ಎಷ್ಟು ದಿನ ಗಟ್ಟಿಯಾಗಿರುತ್ತಾಳೆ? ಅವ್ವ ಮೂರು ದಿನದಿಂದ ಹೆಚ್ಚು ಮಾತಾಡಿಲ್ಲ. ಅಕ್ಕಿಯ ಡಬ್ಬಿ ಮಾತ್ರ ತೆಗೆದು ನೋಡಿ ಮುಚ್ಚಿದಳು. ಹೆಣ್ಣುಮಗಳನ್ನು ಕಳಿಸುವಾಗ ಉಡಿ ತುಂಬಲು ಅಕ್ಕಿ ಬೇಕು, ಕೊಬ್ಬರಿ ಬೇಕು, ಖಣ ಬೇಕು. ಅವಳು ಏನು ನಿಶ್ಚಯ ಮಾಡಿದ್ದಾಳೋ ಕೇಳಲು ನನಗೆ ಧೈರ್ಯವಿಲ್ಲ.

24 ಆಗಸ್ಟ್, ಭಾನುವಾರ

ಬಂದರು. ಅಂಬ್ರಪ್ಪ ಇಸ್ತ್ರಿಯ ಅಂಗಿ ಹಾಕಿಕೊಂಡು, ಬಾಳೆಹಣ್ಣು ಹಿಡಿದು ಬಂದಿದ್ದ. ಅವ್ವನ ಕಾಲು ಮುಟ್ಟಿದ. ಅವನ ಮುಖ ನೋಡಿದರೆ ಯಾರಿಗಾದರೂ ಪಾಪ ಅನ್ನಿಸಬೇಕು, ನನಗೂ ಒಂದು ಗಳಿಗೆ ಅನ್ನಿಸಿತು. ಜಗುಲಿಯ ಮೇಲೆ ಕುಳಿತು ಮಾವನ ಎದುರಿಗೆ ಅವನೇ ಮಾತು ತೆಗೆದ. ಇವಳಿಗೆ ಕೆನಾಲ್ ನೀರು ಹತ್ತುವುದಿಲ್ಲವಂತೆ, ಎರಡು ವರ್ಷ ನಾನೂ ಲಕ್ಷ್ಯ ಕೊಡಲಿಲ್ಲ, ತಪ್ಪಾಯಿತು, ಇನ್ನು ಮೇಲೆ ದಿನವೂ ಬೋರಿನ ನೀರು ನಾನೇ ಗಾಡಿಯ ಮೇಲೆ ತಂದು ಹಾಕುತ್ತೇನೆ ಎಂದ. ಮಾವನ ಕಣ್ಣಲ್ಲಿ ನೀರು ಬಂತು. ಇಂಥ ಗಂಡ ಯಾವ ಹುಡುಗಿಗೆ ಸಿಗುತ್ತಾನೆ ನೋಡವ್ವ ಎಂದು ನನ್ನ ಕಡೆ ತಿರುಗಿದರು. ಬಾಗಿಲಲ್ಲಿ ನಿಂತ ಓಣಿಯ ಹೆಂಗಸರೂ ಹೌದೌದು ಎಂದರು. ಎಲ್ಲರಿಗೂ ಸಮಾಧಾನವಾಯಿತು. ಇದಕ್ಕಿಂತ ಹಗುರವಾಗಿ ಮುಗಿಯುವ ನ್ಯಾಯ ಇನ್ನೆಲ್ಲಿ?

ನಾನು ಒಳಗಿನಿಂದ ಬಂದು ಕಂಬ ಹಿಡಿದು ನಿಂತೆ.

"ನೀರು ಛಲೋ ಅದರಿ ಮಾವ. ಇಲ್ಲೂ ಅದೇ ನೀರು ಕುಡಿಯಾಕತ್ತೀನಿ, ನನಗೇನೂ ಆಗಿಲ್ಲ. ಇವ್ರು ಹೊಡೀತಾರ್ರಿ. ಎಡಗಿವಿ ಹೋಗ್ಯದ. ಹೊಟ್ಟಿಗಿ ಒದ್ದು ಎರಡು ಕೂಸು ಕಳದಾರ. ಇದು ಮೂರನೇದು, ಇದನ್ನ ನಾ ಕಳಕೊಳ್ಳೂದಿಲ್ಲ."

ಅಂಬ್ರಪ್ಪ ಎದ್ದು ನಿಂತ. ಅವನ ಕೈ ಏರಿತು, ಎಲ್ಲರೂ ನೋಡುತ್ತಿರುವುದು ಕಂಡು ಅಂಗಿಯ ಕಿಸೆಗೆ ಇಳಿಯಿತು. ಸುಳ್ಳು ಹೇಳುತ್ತಾಳೆ ಎಂದ. ಮಾವ ಕೆಮ್ಮಿದರು. ಗಂಡ ಹೆಂಡಿರ ನಡುವೆ ಒಂದು ಮಾತು ಬರುತ್ತದೆ ಹೋಗುತ್ತದೆ, ಇನ್ನು ಮೇಲೆ ಕೈ ಎತ್ತುವುದಿಲ್ಲವೆಂದು ಅವನಿಂದ ನಾನು ಮಾತು ತೆಗೆದುಕೊಳ್ಳುತ್ತೇನೆ, ನೌಕರಿಯವಳು ತವರಿನಲ್ಲಿ ಕುಳಿತರೆ ಜನ ಏನಂದಾರು ಎಂದು ಬಹಳ ಹೇಳಿದರು. ಆಮೇಲೆ ಅವ್ವನಿಗೆ, ಹೊತ್ತಾಯಿತು ಭೀಮವ್ವ, ಉಡಿ ತುಂಬು, ಬಸ್ಸು ತಪ್ಪುತ್ತದೆ ಎಂದರು.

ಅವ್ವ ಕುಳಿತಲ್ಲಿಂದ ಏಳಲಿಲ್ಲ.

"ಉಡಿ ತುಂಬಲಾರದ ಹೆಣ್ಣುಮಗಳನ್ನ ಹ್ಯಾಂಗ ಕಳಸ್ತಿ? ಏಳು," ಎಂದರು ಮಾವ.

"ಕಳಸೂದಿಲ್ಲ ಅಂತನ ತುಂಬವಲ್ಲೆ," ಎಂದಳು ಅವ್ವ. "ನನಗ ಪ್ರತಿ ಪಂಚಮಿಗಿ ನೀನ ನಿಂತು ಉಡಿ ತುಂಬಿಸಿ ಕಳಿಸಿದಿ, ಅಣ್ಣ. ಇಲ್ಲಿ ಬಂದು ಗಂಟು ಬಿಚ್ಚೂದರಾಗ ಬಡಿಸಿಕೊಳ್ತಿದ್ದೆ. ನನ್ನ ಮಾರಿ ನೋಡಿದ್ದಿ ನೀ. ನೋಡಿ ಕಳಿಸಿದಿ."

ಅಂಬ್ರಪ್ಪ, ನೌಕರಿ ಹೇಗೆ ಮಾಡುತ್ತೀಯೋ ನೋಡುತ್ತೇನೆ ಎಂದು ನನಗೆ ಹೇಳಿ ಒಬ್ಬನೇ ಹೊರಟುಹೋದ. ಮಾವ ಊಟಕ್ಕೆ ಉಳಿದರು. ಅಣ್ಣ ತಂಗಿ ಎದುರುಬದುರು ಕುಳಿತು, ಒಬ್ಬರ ಮುಖ ಒಬ್ಬರು ನೋಡದೆ ಉಂಡರು. ನಾಳೆ ಶಹಾಪುರದ ಕಚೇರಿಗೆ ಹೋಗಿ ನನ್ನ ವರ್ಗಾವಣೆಯ ಬಗ್ಗೆ ಕೇಳಿಕೊಂಡು ಬರೋಣ, ನಾನೂ ಬರುತ್ತೇನೆ ಎಂದು ಏಳುವಾಗ ಮಾವ ಹೇಳಿದರು. ನನಗಲ್ಲ, ತಾಟಿಗೆ ಹೇಳಿದ ಹಾಗೆ ಹೇಳಿದರು.

ಸಂಜೆ ಅವ್ವ ರೊಟ್ಟಿ ಬಡಿಯುತ್ತಿದ್ದಳು. ನಾನು ಒಲೆಗೆ ಕಟ್ಟಿಗೆ ಇಡುತ್ತಿದ್ದೆ. ಕೈ ನಿಲ್ಲಿಸದೆ ಕೇಳಿದಳು, ನೀನು ಲೆಕ್ಕ ಕಲಿಸುವವಳಲ್ಲ, ನಿನ್ನ ಬೆನ್ನಿಗೆ ಬರಬೇಕಿದ್ದ ಆ ಎರಡು ಇದ್ದಿದ್ದರೆ ಈಗ ಎಷ್ಟೆಷ್ಟು ವರ್ಷದವಿರುತ್ತಿದ್ದವು ಎಂದು. ನಾನು ಲೆಕ್ಕ ಹಾಕಿ ಹೇಳಿದೆ. ಅವ್ವ ಹಂಚಿನ ಮೇಲಿನ ರೊಟ್ಟಿ ತಿರುವಿ ಹಾಕುತ್ತ, ದೊಡ್ಡದಕ್ಕೆ ಆಗಲೇ ಮೀಸೆ ಬಂದಿರುತ್ತಿತ್ತು ಎಂದಳು.